ಗೃಹಕೃತ್ಯ: ಕೆಳಗಿನ ಮಂಜುಗಡ್ಡೆಯೂ ಮೇಲಿನ ಹಾಲೂ

ಆಹಾರ ಪದಾರ್ಥಗಳನ್ನು ಕೆಡದಂತೆ ಕಾಪಾಡುವುದು ಅಡಿಗೆ ಮಾಡುವುದಕ್ಕಿಂತ ಕಡಿಮೆಯಾದ ಕೆಲಸವೇನಲ್ಲ. ಹಾಲನ್ನು ನೆಲುವಿಗೇರಿಸಿ, ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಮ್ಮ ಹಿರಿಯರು ಈ ಕೆಲಸವನ್ನು ನಡೆಯಿಸುತ್ತಿದ್ದರು. ಈಗ ಆ ಭಾರವನ್ನು ಫ್ರಿಜ್ಜು ಹೊತ್ತುಕೊಂಡಿದೆ. ಆದರೆ ಭಾರವನ್ನು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಎಚ್ಚರಿಕೆಯನ್ನೂ ಅದಕ್ಕೇ ಒಪ್ಪಿಸಬಹುದೆಂದು ತಿಳಿಯುವುದು ಸರಿಯಲ್ಲ. ಫ್ರೀಜರು ಕೆಳಭಾಗದಲ್ಲಿರುವ ಫ್ರಿಜ್ಜುಗಳನ್ನು ಈಚೆಗೆ ಅನೇಕ ಗೃಹಸ್ಥರು ಕೊಳ್ಳುತ್ತಿರುವುದರಿಂದ, ಅವುಗಳ ಆಯ್ಕೆ, ಪಾಲನೆ, ದುರಸ್ತಿ ಈ ಮೂರು ವಿಷಯಗಳನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಯಂತ್ರದ ಸ್ವಭಾವ

ಫ್ರಿಜ್ಜು ತಂಪನ್ನು ಹುಟ್ಟಿಸುತ್ತದೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ವಾಸ್ತವವಾಗಿ ಅದು ಮಾಡುವುದು ಒಳಗಿನ ಉಷ್ಣವನ್ನು ಹೊರಗೆ ಸಾಗಿಸುವ ಕೆಲಸ. ಕಂಪ್ರೆಸರು ಅನಿಲವನ್ನು ಅದುಮುತ್ತದೆ. ಅದುಮಿದ ಅನಿಲವು ಬಿಸಿಯಾಗಿ, ಹಿಂಬದಿಯ ಇಲ್ಲವೆ ಪಕ್ಕದ ಗೋಡೆಗಳ ಕೊಳವೆಗಳಲ್ಲಿ ಹರಿದು, ತನ್ನ ಉಷ್ಣವನ್ನು ಕೋಣೆಯ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಈ ದ್ರವವು ಬಹು ಸಣ್ಣದಾದ ನಳಿಗೆಯ ಮೂಲಕ ಒಳಗಿನ ಕೊಳವೆಗಳಿಗೆ ಬಂದು ಮತ್ತೆ ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ಮೈಯಿಂದ ನೀರು ಒಸರಿ ಆರುವಾಗ ಒಳಗಿನ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದಲೇ.

ಫ್ರೀಜರು ಕೆಳಗಿರುವ ಫ್ರಿಜ್ಜುಗಳಲ್ಲಿ ಈ ಒಳಗಿನ ಕೊಳವೆಗಳು ಸಾಮಾನ್ಯವಾಗಿ ಫ್ರೀಜರಿನ ಹಿಂದಿನ ಹಲಗೆಯ ಮರೆಯಲ್ಲಿರುತ್ತವೆ. ತಣ್ಣನೆಯ ಗಾಳಿಯು ಭಾರವಾದುದರಿಂದ ಸ್ವಭಾವತಃ ಕೆಳಗಿಳಿಯುವುದೇ ಹೊರತು ತಾನಾಗಿ ಮೇಲೇರುವುದಿಲ್ಲ. ಆದಕಾರಣ ಒಂದು ಚಿಕ್ಕ ಫ್ಯಾನು ಅದನ್ನು ಹಿಂಬದಿಯ ಓಣಿಯ ಮೂಲಕ ಮೇಲಿನ ಖಾನೆಗೆ ನೂಕಬೇಕಾಗುವುದು. ಫ್ಯಾನು ನಿಂತರೆ, ಅಥವಾ ಆ ಓಣಿಯು ಮಂಜಿನಿಂದ ಕಟ್ಟಿಕೊಂಡರೆ, ಕೆಳಗಿನ ಮಂಜುಗಡ್ಡೆಯು ಕಲ್ಲಿನಂತೆಯೇ ಇರುತ್ತದೆ. ಮೇಲಿನ ಹಾಲು ಮಾತ್ರ ದಿನದಿನಕ್ಕೆ ಬೆಚ್ಚಗಾಗುತ್ತದೆ. ಎರಡು ಖಾನೆಗಳಿಗೂ ಬೇರೆ ಬೇರೆ ಕೊಳವೆಗಳನ್ನಿಟ್ಟ ಮಾದರಿಗಳೂ ಉಂಟು. ಅಲ್ಲಿಯೂ ಒಂದು ಖಾನೆಯು ಸರಿಯಾಗಿದ್ದು ಇನ್ನೊಂದು ಕೆಡುವುದು ಸಾಧ್ಯವೇ. “ಮಂಜುಗಡ್ಡೆ ಕಟ್ಟುತ್ತಿದೆಯಲ್ಲ, ಫ್ರಿಜ್ಜಿಗೇನಾಗಿದೆ?” ಎಂದು ಧೈರ್ಯಗೊಳ್ಳುವ ವಾಡಿಕೆಯು ನಮ್ಮಲ್ಲಿ ಬಹಳವಾಗಿದೆ. ಮೇಲಿನ ಹಾಲಿಗೆ ಕೆಳಗಿನ ಮಂಜುಗಡ್ಡೆಯು ಸಾಕ್ಷಿಯಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವುದೆಲ್ಲವೂ ಸುಲಭವಾಗಿ ತಿಳಿಯುವುದು.

ಆಯ್ಕೆ

ಫ್ರೀಜರು ಮೇಲಿರುವ ಫ್ರಿಜ್ಜಿನಲ್ಲಿ ತರಕಾರಿಯ ಪೆಟ್ಟಿಗೆಯು ನೆಲದ ಬಳಿಯಲ್ಲಿರುತ್ತದೆ. ದಿನಕ್ಕೆ ಹತ್ತು ಸಲ ಸೊಪ್ಪಿಗೂ, ಕೊತ್ತಂಬರಿಗೂ, ಹಸಿಮೆಣಸಿನಕಾಯಿಗೂ ಬಗ್ಗಬೇಕು. ಮಂಜುಗಡ್ಡೆಯು ಮಾತ್ರ ಕಣ್ಣೆದುರಿಗೆ ಸುಖವಾಗಿ ಕುಳಿತಿರುತ್ತದೆ. ಫ್ರೀಜರು ಕೆಳಗಿದ್ದರೆ ಈ ಕ್ರಮವು ತಿರುವುಮುರುವಾಗುವುದು. ಮಂಡಿನೋವು, ಸೊಂಟನೋವು ಇರುವ ಹಿರಿಯರು ಅಡಿಗೆ ಮಾಡುವ ಮನೆಗೆ ಇದು ನಿಜವಾದ ಉಪಕಾರ. ಆದರೆ ದಿನವೂ ಫ್ರೀಜರಿನಿಂದ ಮೀನನ್ನೋ ಮಾಂಸವನ್ನೋ ತೆಗೆಯುವ ಮನೆಯವರಿಗೆ ಬಗ್ಗುವ ಕಷ್ಟವು ತಪ್ಪದು. ತೆವಳುವ ಮಕ್ಕಳಿರುವ ಮನೆಯಲ್ಲಿ ಕೆಳಗಿನ ಬಾಗಿಲು ಅವರ ಕೈಗೆ ಎಟುಕುವುದೆಂಬುದನ್ನೂ ಆಲೋಚಿಸಬೇಕು. ಬೆಲೆಯೂ ಸಾಮಾನ್ಯವಾಗಿ ಫ್ರೀಜರು ಮೇಲಿರುವವುಗಳಿಗಿಂತ ಹೆಚ್ಚು. ಆದುದರಿಂದ ಅಂಗಡಿಗೆ ಹೋಗುವ ಮೊದಲು ಒಂದು ವಾರ ಮನೆಯಲ್ಲಿ ಯಾವ ಖಾನೆಯನ್ನು ಎಷ್ಟು ಸಲ ತೆರೆಯುತ್ತೀರೆಂದು ಎಣಿಸಿ ನೋಡಿರಿ. ಆ ಲೆಕ್ಕವು ಮಾರುವವನ ಮಾತಿಗಿಂತ ಒಳ್ಳೆಯ ಸಲಹೆಗಾರನು.

ಅಂಗಡಿಯಲ್ಲಿ ನೋಡತಕ್ಕವು ಮುಖ್ಯವಾಗಿ ಮೂರು. ಮೊದಲನೆಯದು ಹವಾಮಾನದ ವರ್ಗ. ಯಂತ್ರದ ತಗಡಿನ ಚೀಟಿಯಲ್ಲಿ ‘ಎನ್’, ‘ಎಸ್‌ಟಿ’, ‘ಟಿ’ ಎಂಬ ಗುರುತುಗಳಿರುತ್ತವೆ. ‘ಎನ್’ ವರ್ಗವು ಕೋಣೆಯ ಉಷ್ಣತೆ ೩೨ ಡಿಗ್ರಿ ಸೆಲ್ಸಿಯಸಿನವರೆಗೆ, ‘ಎಸ್‌ಟಿ’ ೩೮ರವರೆಗೆ, ‘ಟಿ’ ೪೩ರವರೆಗೆ ಕೆಲಸ ಮಾಡುವಂತೆ ರಚಿತವಾದುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಕಲಬುರ್ಗಿ, ರಾಯಚೂರುಗಳಂತಹ ಊರಿನವರು ‘ಟಿ’ ಎಂಬ ಗುರುತಿಲ್ಲದುದನ್ನು ಕೊಳ್ಳಬಾರದು. ಎರಡನೆಯದು ನಕ್ಷತ್ರದ ಚೀಟಿ. ೨೦೦೨ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ಎಂಬ ಸಂಸ್ಥೆಯು ಮಂಜು ಕಟ್ಟದ ಫ್ರಿಜ್ಜುಗಳಿಗೆ ಈ ಚೀಟಿಯನ್ನು ೨೦೧೦ರಲ್ಲಿ ಕಡ್ಡಾಯಗೊಳಿಸಿತು. ನಕ್ಷತ್ರಗಳನ್ನು ಎಣಿಸಿದರೆ ಸಾಲದು. ಅವುಗಳ ಅಳತೆಯು ಆಗಾಗ್ಗೆ ಬಿಗಿಯಾಗುತ್ತ ಬಂದಿರುವುದರಿಂದ ಹಳೆಯ ವರ್ಷದ ಐದು ನಕ್ಷತ್ರಗಳೂ ಹೊಸ ವರ್ಷದ ಐದು ನಕ್ಷತ್ರಗಳೂ ಒಂದೇ ಅಲ್ಲ. ವರ್ಷಕ್ಕೆ ಎಷ್ಟು ಯೂನಿಟ್ಟು ವಿದ್ಯುತ್ತು ಖರ್ಚಾಗುವುದೆಂದು ಅಲ್ಲಿಯೇ ಅಚ್ಚಾಗಿರುವ ಅಂಕೆಯನ್ನು ಹೋಲಿಸಿ ನೋಡುವುದು ಜಾಣತನ. ಮೂರನೆಯದು ಕೆಳಗಿನ ಸೆಳೆಪೆಟ್ಟಿಗೆಗಳು. ಅವನ್ನು ಪೂರ್ತಿಯಾಗಿ ಹೊರಗೆಳೆದು ನೋಡಿರಿ. ತುಂಬಿದಾಗ ಎಳೆಯಲು ಕಷ್ಟವಾಗುವಂತಹ, ಮೂಲೆಗಳನ್ನು ಒರೆಸಲು ಕೈ ಹೋಗದಂತಹ ಪೆಟ್ಟಿಗೆಯು ಮುಂದೆ ಬಹಳ ತೊಂದರೆ ಕೊಡುವುದು.

ಪಾಲನೆ

ಹೊರಹಾಕಿದ ಉಷ್ಣವು ಹೋಗುವುದಕ್ಕೆ ದಾರಿ ಬೇಕು. ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸದೆ, ಅದರ ಜತೆಗೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ತೆರವನ್ನು ಹಿಂದೆಯೂ ಪಕ್ಕಗಳಲ್ಲಿಯೂ ಬಿಡತಕ್ಕದ್ದು. ಒಲೆಯ ಮಗ್ಗುಲೂ ಬಿಸಿಲು ಬೀಳುವ ಕಿಟಕಿಯ ಎದುರೂ ತಕ್ಕ ಸ್ಥಳಗಳಲ್ಲ. ಕೊಳವೆಗಳು ಹೊರಗೆ ಕಾಣುವ ಮಾದರಿಯಾದರೆ ವರ್ಷಕ್ಕೆ ಎರಡು ಸಲ ಪ್ಲಗ್ಗನ್ನು ಕಿತ್ತು ಧೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಕೊಳವೆಗಳು ಪಕ್ಕದ ಗೋಡೆಗಳಲ್ಲಿ ಅಡಗಿದ್ದರೆ ಆ ಗೋಡೆಗಳು ಮುಟ್ಟಿದಾಗ ಬೆಚ್ಚಗಿರುವುದು ಸಹಜ; ಅದು ರೋಗವಲ್ಲ. ಮುಂದಿನ ಕಾಲುಗಳನ್ನು ಕೊಂಚವೇ ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು.

ಬಾಗಿಲಿನ ರಬ್ಬರು ಪಟ್ಟಿಯನ್ನು ತಿಂಗಳಿಗೊಮ್ಮೆ ಬೆಚ್ಚಗಿನ ಸೋಪಿನ ನೀರಿನಿಂದ ಒರೆಸಿ ಒಣಗಿಸಬೇಕು. ಕೆಳಗಿನ ಬಾಗಿಲಿನ ಪಟ್ಟಿಯು ನೆಲದ ಬಳಿಯಲ್ಲಿರುವುದರಿಂದ ಕಸವೂ ಕಾಳೂ ಅದರಲ್ಲಿ ಬೇಗ ಸೇರುತ್ತವೆ; ಪೆಟ್ಟಿಗೆಯನ್ನು ಮಿತಿಮೀರಿ ತುಂಬಿದರೆ ಬಾಗಿಲು ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ಆ ಸಂದಿನಿಂದ ನುಗ್ಗಿದ ತೇವವೇ ಮಂಜಾಗಿ ಗಾಳಿಯ ಓಣಿಯನ್ನು ಕಟ್ಟುವುದು. ಮಂಗಳೂರು, ಉಡುಪಿಗಳ ಮಳೆಗಾಲದಲ್ಲಂತೂ ಇದಕ್ಕೆ ಹೆಚ್ಚು ದಿನಗಳು ಬೇಕಾಗುವುದಿಲ್ಲ. ಪಟ್ಟಿಯನ್ನು ಪರೀಕ್ಷಿಸುವ ಬಗೆ ಸುಲಭ: ಒಂದು ಕಾಗದದ ತುಂಡನ್ನು ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಪಟ್ಟಿ ಸರಿಯಾಗಿದೆ. ಸಲೀಸಾಗಿ ಜಾರಿದರೆ ಆ ಭಾಗವು ಸಡಿಲವಾಗಿದೆ. ಹೀಗೆ ನಾಲ್ಕು ಕಡೆಯೂ ನೋಡಬೇಕು.

ಒಳಗೆ ಹಿಂಬದಿಯ ಗಾಳಿಕಿಂಡಿಗಳಿಗೆ ಅಡ್ಡವಾಗಿ ದೋಸೆಹಿಟ್ಟಿನ ಪಾತ್ರೆಯನ್ನಾಗಲಿ ಹುಳಿಯ ಪಾತ್ರೆಯನ್ನಾಗಲಿ ಇಡಬಾರದು. ಕುದಿಯುವ ಪಾತ್ರೆಯನ್ನು ನೇರವಾಗಿ ಇಡಕೂಡದು. ಹಾಗೆಂದು ಬೆಂದ ಅನ್ನವನ್ನು ರಾತ್ರಿಯೆಲ್ಲ ಹೊರಗೆ ಬಿಡುವುದೂ ತಪ್ಪು. ಅಗಲವಾದ ಪಾತ್ರೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಗಳೊಳಗಾಗಿ ಮುಚ್ಚಿ ಒಳಗಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಉಷ್ಣಮಾಪಕ. ಒಂದು ಲೋಟ ನೀರಿನಲ್ಲಿ ಅದನ್ನು ಮುಳುಗಿಸಿ ಮೇಲಿನ ಖಾನೆಯ ನಡುವಣ ತಟ್ಟೆಯಲ್ಲಿ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ನೋಡಿರಿ. ೪ ಡಿಗ್ರಿಯೋ ಅದಕ್ಕಿಂತ ತುಸು ಕಡಿಮೆಯೋ ಇರಬೇಕು; ಫ್ರೀಜರಿನಲ್ಲಿ ಸೊನ್ನೆಗಿಂತ ಕೆಳಗೆ ೧೮ ಡಿಗ್ರಿ ಇರಬೇಕು. ಉಷ್ಣಮಾಪಕವಿಲ್ಲದ ಮನೆಯಲ್ಲಿ ಮೊಸರು ಎಂದಿಗಿಂತ ಬೇಗ ಹುಳಿಯಾಗುವುದು, ಒಳಗಿಟ್ಟ ದೋಸೆಹಿಟ್ಟು ಉಬ್ಬುವುದು, ಇವೇ ಮೊದಲ ಸೂಚನೆಗಳು. ಆದರೆ ಮೂಗನ್ನೂ ನಾಲಗೆಯನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ರೋಗವನ್ನುಂಟುಮಾಡುವ ಸೂಕ್ಷ್ಮಜೀವಿಗಳು ವಾಸನೆಯನ್ನಾಗಲಿ ರುಚಿಯನ್ನಾಗಲಿ ಬದಲಿಸದೆಯೇ ಬೆಳೆಯಬಲ್ಲವು. ಕೂಸುಗಳ ಹಾಲೂ, ಮಧುಮೇಹಿಗಳ ಇನ್ಸುಲಿನ್ನೂ ಈ ಖಾನೆಯಲ್ಲಿಯೇ ಇರುತ್ತವಷ್ಟೆ. ತೆರೆಯದ ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿಗಳ ನಡುವೆ ಇಡಬೇಕು. ಅದು ಒಮ್ಮೆ ಹೆಪ್ಪುಗಟ್ಟಿದರೂ ಉಪಯೋಗಕ್ಕೆ ಬಾರದು. ಆದುದರಿಂದ ಗಾಳಿಕಿಂಡಿಯ ಎದುರಿಗೆ ಅದನ್ನು ಇಡಬಾರದು.

ವಿದ್ಯುತ್ತು ನಿಂತಾಗ ಬಾಗಿಲು ತೆರೆಯದಿರುವುದೇ ಉತ್ತಮ ಉಪಾಯ. ಮುಚ್ಚಿದ ಮೇಲಿನ ಖಾನೆಯು ಸುಮಾರು ೪ ಗಂಟೆ, ತುಂಬಿದ ಫ್ರೀಜರು ಸುಮಾರು ೪೮ ಗಂಟೆ, ಅರ್ಧ ತುಂಬಿದ್ದು ೨೪ ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆಂಬುದು ಸಾಮಾನ್ಯವಾದ ಲೆಕ್ಕ. ಇಲ್ಲಿಯೂ ಕೆಳಗಿನದಕ್ಕೂ ಮೇಲಿನದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಗಮನಿಸಿರಿ.

ದುರಸ್ತಿ

ಮೇಲಿನ ಖಾನೆ ಬೆಚ್ಚಗಾಗಿ ಕೆಳಗಿನದು ಸರಿಯಾಗಿದ್ದರೆ ಮೊದಲು ಕಿಂಡಿಗಳ ಅಡ್ಡಿಯನ್ನು ತೆಗೆಯಿರಿ. ಬಳಿಕ ಫ್ಯಾನಿನ ಸದ್ದನ್ನು ಆಲಿಸಿರಿ. ಅನೇಕ ಮಾದರಿಗಳಲ್ಲಿ ಬಾಗಿಲು ತೆರೆದೊಡನೆ ಫ್ಯಾನು ನಿಲ್ಲುವುದರಿಂದ, ಬಾಗಿಲಿನ ಗುಂಡಿಯನ್ನು ಬೆರಳಿನಿಂದ ಅದುಮಿ ಹಿಡಿದು ಕೇಳಬೇಕು. ಸದ್ದು ಸರಿಯಾಗಿದ್ದೂ ಮೇಲೆ ಗಾಳಿ ಬಾರದಿದ್ದರೆ ಓಣಿಯಲ್ಲಿ ಮಂಜು ಕಟ್ಟಿರಬಹುದು. ಪದಾರ್ಥಗಳನ್ನು ಬೇರೆಡೆಗೆ ಸಾಗಿಸಿ, ಪ್ಲಗ್ಗನ್ನು ಕಿತ್ತು, ಎರಡು ಬಾಗಿಲುಗಳನ್ನೂ ತೆರೆದು, ಕೆಳಗೆ ಬಟ್ಟೆ ಹಾಸಿ ಒಂದು ದಿನ ಪೂರ್ತಿ ಬಿಡಿರಿ. ಮತ್ತೆ ಹಾಕಿದಾಗ ಸರಿಯಾಗಿ ನಡೆದು, ಒಂದೆರಡು ವಾರಗಳಲ್ಲಿ ಪುನಃ ಅದೇ ತೊಂದರೆ ಬಂದರೆ, ಮತ್ತು ಬಾಗಿಲಿನ ಪಟ್ಟಿಯಲ್ಲಿ ದೋಷವಿಲ್ಲದಿದ್ದರೆ, ಮಂಜನ್ನು ಕರಗಿಸುವ ಹೀಟರಾಗಲಿ ಅದರ ನಿಯಂತ್ರಕವಾಗಲಿ ಕೆಟ್ಟಿದೆಯೆಂದು ಶಂಕಿಸಬಹುದು. ಮೆಕ್ಯಾನಿಕ್ಕಿಗೆ ಈ ವಿವರವನ್ನು ಹೇಳಿದರೆ ಅವನ ಅರ್ಧ ಕೆಲಸವೂ ನಿಮ್ಮ ಅರ್ಧ ಖರ್ಚೂ ಉಳಿಯುವ ಸಂಭವವುಂಟು.

ಫ್ರೀಜರಿನ ತಳದಲ್ಲಿ ಮಂಜಿನ ಹಾಳೆ ಕಟ್ಟಿ ಪೆಟ್ಟಿಗೆಯು ಅಂಟಿಕೊಂಡರೆ, ಅಥವಾ ನೆಲದ ಮೇಲೆ ನೀರು ಕಂಡರೆ, ಕರಗಿದ ನೀರು ಹೊರಗೆ ಹೋಗುವ ತೂತು ಮುಚ್ಚಿಹೋಗಿರುವುದೇ ಹೆಚ್ಚಾಗಿ ಕಾರಣ. ಮೇಲೆ ಹೇಳಿದಂತೆ ಮಂಜನ್ನು ಕರಗಿಸಿ, ತೂತು ಕಣ್ಣಿಗೆ ಕಾಣುವಂತಿದ್ದರೆ ಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯಬಹುದು. ತೂತು ಹಲಗೆಯ ಹಿಂದೆ ಇದ್ದರೆ ಆ ಕೆಲಸವನ್ನು ಬಲ್ಲವರಿಗೆ ಬಿಡಬೇಕು.

ಮಂಜನ್ನು ಚಾಕುವಿನಿಂದಾಗಲಿ ಮಗುಚುವ ಕೈಯಿಂದಾಗಲಿ ಎಂದಿಗೂ ಕೆರೆಯಬಾರದು. ಇದಕ್ಕೆ ಬಲವಾದ ಕಾರಣವುಂಟು. ಹಿಂದಿನ ಕಾಲದ ಫ್ರಿಜ್ಜುಗಳಲ್ಲಿ ವಿಷಾನಿಲಗಳನ್ನು ತುಂಬುತ್ತಿದ್ದರು. ಬರ್ಲಿನಿನಲ್ಲಿ ಒಂದು ಕುಟುಂಬವು ಸೋರಿದ ಅನಿಲದಿಂದ ಮಡಿದ ಸುದ್ದಿಯನ್ನು ಓದಿ ಮನಸ್ಸು ಕಲಕಿದ ಐನ್‌ಸ್ಟೈನರು, ಸಿಲಾರ್ಡರೊಡನೆ ೧೯೨೬ರಲ್ಲಿ ಚಲಿಸುವ ಭಾಗಗಳಿಲ್ಲದ ಫ್ರಿಜ್ಜನ್ನು ರಚಿಸತೊಡಗಿದರು; ೧೯೩೦ರಲ್ಲಿ ಅವರಿಗೆ ಅಮೆರಿಕದ ಪೇಟೆಂಟೂ ದೊರೆಯಿತು. ಬಳಿಕ ಬಂದ, ವಿಷವಲ್ಲದ ಸಿ.ಎಫ್.ಸಿ. ಅನಿಲಗಳು ಓಜೋನಿನ ಪದರಕ್ಕೆ ಮಾರಕವೆಂದು ತಿಳಿದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅವುಗಳನ್ನು ಕ್ರಮವಾಗಿ ನಿಲ್ಲಿಸಲಾಯಿತು. ಈಗ ಬಹುಪಾಲು ಹೊಸ ಫ್ರಿಜ್ಜುಗಳಲ್ಲಿರುವುದು ಆರ್-೬೦೦ಎ ಎಂಬ ಐಸೋಬ್ಯೂಟೇನು. ಇದು ಓಜೋನಿಗೆ ಹಾನಿ ಮಾಡದು, ಪ್ರಮಾಣವೂ ಸ್ವಲ್ಪವೇ, ಆದರೆ ಬೆಂಕಿ ಹತ್ತಿಕೊಳ್ಳುವಂತಹದು. ಕೊಳವೆಯು ತೂತಾಗಿದೆಯೆಂಬ ಅನುಮಾನ ಬಂದರೆ ದೀಪ, ಒಲೆ, ಸ್ವಿಚ್ಚುಗಳನ್ನು ಮುಟ್ಟದೆ ಕಿಟಕಿಗಳನ್ನು ತೆರೆಯಬೇಕು. ಕಂಪ್ರೆಸರನ್ನಾಗಲಿ ವಿದ್ಯುತ್ ಹಲಗೆಯನ್ನಾಗಲಿ ಮನೆಯವರು ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರಬಹುದು.

ಕೊನೆಯದಾಗಿ, “ಗ್ಯಾಸು ತೀರಿದೆ” ಎಂಬ ಮಾತಿನ ವಿಷಯ. ಗ್ಯಾಸು ಸೀಮೆಎಣ್ಣೆಯಂತೆ ಉರಿದು ತೀರುವ ಪದಾರ್ಥವಲ್ಲ. ಮುಚ್ಚಿದ ಕೊಳವೆಯಲ್ಲಿ ವರ್ಷಗಟ್ಟಲೆ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಲೇಬೇಕು. ಸೋರಿಕೆಯ ಸ್ಥಳವನ್ನು ತೋರಿಸದೆ, ಅದನ್ನು ಮುಚ್ಚದೆ, ಗ್ಯಾಸನ್ನು ತುಂಬಿಸಿ ಹಣ ಕೇಳುವವನಿಗೆ ಗೃಹಸ್ಥನು ವಿನಯದಿಂದಲೇ “ಎಲ್ಲಿ ಸೋರಿತಪ್ಪ, ತೋರಿಸು” ಎಂದು ಕೇಳತಕ್ಕದ್ದು. ಬಲ್ಲವನು ತೋರಿಸುತ್ತಾನೆ.

ಒಂದು ಉಷ್ಣಮಾಪಕ, ಒಂದು ಕಾಗದದ ತುಂಡು, ತಿಂಗಳಿಗೆ ಅರ್ಧ ಗಂಟೆಯ ಗಮನ: ಫ್ರಿಜ್ಜು ಮನೆಯವರಿಂದ ಕೇಳುವುದು ಇಷ್ಟೇ. ಇಂದಿನ ರಾತ್ರಿ ಮಲಗುವ ಮೊದಲು ಆ ಒಂದು ಲೋಟ ನೀರನ್ನು ಮೇಲಿನ ಖಾನೆಯಲ್ಲಿಟ್ಟು ನೋಡಿರಿ.