ಮಳೆಮಾಪಕಕ್ಕೆ ಆಕಾಶ ಬಿಟ್ಟುಕೊಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬಂಧುಗಳೇ, ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ದಯವಿಟ್ಟು ಇವತ್ತೇ ಹುಡುಕಿಕೊಂಡು ಹೋಗಿ. ನಮ್ಮ ಬದುಕಿನ ಲೆಕ್ಕ ಅಲ್ಲಿ ಬರೆಯಲಾಗುತ್ತಿದೆ.

ಉತ್ತರ ಪಿನಾಕಿನಿ, ಚಿತ್ರಾವತಿ ನಮ್ಮ ಬೆಟ್ಟಗಳಲ್ಲಿ ಹುಟ್ಟಿದರೂ ವರ್ಷಪೂರ್ತಿ ಹರಿಯುವ ಹೊಳೆ ನಮಗಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ. ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯೇ ಆಧಾರ. ಮುಂಗಾರಿನ ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟಕ್ಕೆ ಸುರಿದು ಒಣಗಿ ಬರುತ್ತದೆ. ಆದ್ದರಿಂದ ನಾವು ಕಾಯುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ: ಬಿಸಿಲಿಗೆ ನೆಲ ಕಾದು ಸಂಜೆ ಎದ್ದೇಳುವ ಗುಡುಗು ಮೋಡಕ್ಕೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ. ಗುಡುಗು ಮೋಡದ ಹರವು ಕೆಲವೇ ಕಿಲೋಮೀಟರ್. ಒಂದೂರಿನ ಹೊಲ ಕೆಸರಾದ ಸಂಜೆ ಪಕ್ಕದೂರಿನ ರಾಗಿ ಬಾಡಿ ನಿಂತಿರುತ್ತದೆ. ತಾಲ್ಲೂಕು ಕೇಂದ್ರದ ಒಂದೇ ಅಂಕಿಯಲ್ಲಿ ಆ ಬಾಡಿದ ರಾಗಿ ಕಾಣುವುದಿಲ್ಲ.

ಇದನ್ನು ಅರಿತೇ ಕರ್ನಾಟಕ 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದೇ ಒಂದು ಕೋಶ ತೆರೆಯಿತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಕೇಂದ್ರ ಸ್ಥಾಪಿಸಿತು. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ದ್ರಾಕ್ಷಿ, ಮಾವು, ದಾಳಿಂಬೆಯ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಂತಿರುವುದು ಇಂಥ ಅಂಕಿಗಳ ಮೇಲೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು. ಪಕ್ಕದ ಮರ ಬೆಳೆದು ಹನಿಗೆ ಅಡ್ಡವಾದರೆ, ಮಾಪಕದ ಬಾಯಿಗೆ ಎಲೆ ಕಟ್ಟಿಕೊಂಡರೆ, ಬ್ಯಾಟರಿ ಸತ್ತರೆ ಅಂಕಿ ಸುಳ್ಳಾಗುತ್ತದೆ. ಆ ಸುಳ್ಳಿನ ಬೆಲೆ ತೆರುವವನು ರೈತ. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡು ಪಟ್ಟಾದರೂ ಮಾಪಕದಿಂದ ದೂರವಿರಬೇಕು. ಅದರ ಪಕ್ಕ ಶೆಡ್ ಹಾಕುವ ಮುನ್ನ ಊರಿನವರ ಮುಖ ನೆನೆಯಿರಿ.

2021ರ ನವೆಂಬರಿನಲ್ಲಿ ಮಳೆ ಬಿಡದೆ ಸುರಿದು ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಭೂಮಿ ಬಿಸಿಯಾದಂತೆ ಕಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ಇಂಥ ಕಾಲದಲ್ಲೇ, 2024ರಲ್ಲಿ, ರೈತರಿಗೆ ಹವಾಮಾನ ಸಲಹೆ ಕೊಡುತ್ತಿದ್ದ ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲಾಯಿತು. ನಮ್ಮಲ್ಲಿ ಎಷ್ಟು ಜನ ದನಿ ಎತ್ತಿದೆವು? ಹಿಪ್ಪುನೇರಳೆಗೆ ನೀರು ಹಾಯಿಸುವುದಕ್ಕೂ ದ್ರಾಕ್ಷಿಗೆ ಔಷಧಿ ಹೊಡೆಯುವುದಕ್ಕೂ ಮುನ್ಸೂಚನೆ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದರೆ ರೇಷ್ಮೆ ಹುಳುಮನೆಗೆ ಸುಣ್ಣಕಟ್ಟು ರೋಗ ನುಗ್ಗುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ಪ್ರತಿ ರೈತನಿಗೂ ಇದು ಗೊತ್ತು.

ವಿಜ್ಞಾನಿಗಳೇ, ನಿಮ್ಮ ಎಚ್ಚರಿಕೆ ನಮ್ಮೂರಿನ ಹೆಸರು ಹಿಡಿದು, ನಮ್ಮ ಕನ್ನಡದಲ್ಲಿ, ಔಷಧಿ ಹೊಡೆಯುವ ಮುಂಚೆಯೇ ಬರಲಿ. ಮೇಷ್ಟ್ರುಗಳೇ, ಮಕ್ಕಳ ಕೈಗೊಂದು ಅಳತೆಯ ಪಾತ್ರೆ ಕೊಡಿ, ಬಿದ್ದ ಮಳೆಯನ್ನು ದಿನವೂ ಶಾಲೆಯ ಗೋಡೆಯ ಮೇಲೆ ಬರೆಸಿ. ರೈತ ಬಂಧುಗಳೇ, ಮಳೆಯ ಮುನ್ಸೂಚನೆ ತಿಳಿಯಲು ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ, ಹೇಳಿದ್ದು ತಪ್ಪಿದರೆ ಮತ್ತೆ ಕರೆ ಮಾಡಿ ಕೇಳಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ: ನಮ್ಮ ಮಾಪಕವನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ, ನಿನ್ನೆಯ ಮಳೆ ಎಷ್ಟು, ಅದನ್ನು ಪಂಚಾಯಿತಿಯ ಹಲಗೆಯ ಮೇಲೆ ಯಾಕೆ ಬರೆದಿಲ್ಲ? ಉತ್ತರ ಸಿಗುವವರೆಗೆ ಕೂರಬೇಡಿ.