ರಿಪೋರ್ಟಿನ ದಪ್ಪ ಅಕ್ಷರದ ಅಂಕಿ

ಈಗೀಗ ಯಾರ ಮನೆಗೆ ಹೋದರೂ ಹಾಸಿಗೆ ಪಕ್ಕದಲ್ಲೋ ಫ್ರಿಜ್ಜಿನ ಮೇಲೋ ಥೈರಾಯ್ಡ್ ಮಾತ್ರೆಯ ಪುಟ್ಟ ಬಾಟಲಿ ಕಾಣುತ್ತದೆ. ಯಾಕೆ ತಗೋತಿದ್ದೀರಿ ಅಂದರೆ "ಬ್ಲಡ್ ಟೆಸ್ಟಲ್ಲಿ ಬಂತು" ಅನ್ನುತ್ತಾರೆ. ಎಷ್ಟು ಬಂತು, ಎಷ್ಟು ಸಲ ಮಾಡಿಸಿದಿರಿ ಅಂತ ಕೇಳಿ ನೋಡಿ. ಒಂದೇ ಸಲ, ಅದೂ ಯಾವುದೋ ಹೆಲ್ತ್ ಪ್ಯಾಕೇಜಿನಲ್ಲಿ! ನನ್ನ ತಕರಾರು ಟೆಸ್ಟಿನ ಮೇಲಲ್ಲ, ಈ "ಒಂದೇ ಸಲ"ದ ಮೇಲೆ.

ಟಿಎಸ್‌ಎಚ್ ನಿಜಕ್ಕೂ ಒಳ್ಳೆಯ ಟೆಸ್ಟು. ಥೈರಾಯ್ಡ್ ಗ್ರಂಥಿ ಸೋಮಾರಿಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ "ಏಳಯ್ಯ, ಕೆಲಸ ಮಾಡು" ಅಂತ ಕೂಗುತ್ತದಲ್ಲ, ಆ ಕೂಗೇ ಟಿಎಸ್‌ಎಚ್. ಟಿ4 ಅರ್ಧಕ್ಕೆ ಇಳಿದರೆ ಈ ಕೂಗು ನೂರು ಪಟ್ಟು ಏರಬಹುದು. ಹಾಗಾಗಿ ಟಿಎಸ್‌ಎಚ್ 40, 60 ಅಂತ ಬಂದು ಟಿ4 ಕೆಳಗಿದ್ದರೆ ಅಲ್ಲಿ ವಾದವೇ ಇಲ್ಲ. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ಕೆಲವೇ ಹನಿ ರಕ್ತದಿಂದ ಅದರ ಬುದ್ಧಿ ಬೆಳವಣಿಗೆ ಉಳಿಸಿಕೊಳ್ಳಬಹುದು. ಬರೀ ಲಕ್ಷಣ ನೋಡಿ ಹೇಳೋಣ ಅಂದರೆ ಸುಸ್ತು, ಕೂದಲು ಉದುರೋದು, ತೂಕ ಹೆಚ್ಚೋದು ಯಾರಿಗಿಲ್ಲ ಹೇಳಿ?

ಗಲಾಟೆ ಇರುವುದು 5, 6, 7ರ ಹತ್ತಿರ. ಲ್ಯಾಬಿನವರು ಸುಮಾರು 0.4ರಿಂದ 4.5 ಅಂತ ಗೆರೆ ಹಾಕಿರುತ್ತಾರೆ. ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವಂತೆ ಎಳೆದ ಗೆರೆ ಅದು. ಅಂದರೆ ಏನೂ ಇಲ್ಲದ ಐದು ಜನ ಹೊರಗೇ ಉಳಿಯುತ್ತಾರೆ! ಅದೂ ಸಾಲದು ಅಂತ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ, ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಮೇಲೇಳುತ್ತದೆ, ವಯಸ್ಸಾದಂತೆ ತಾನಾಗಿಯೇ ಹೆಚ್ಚುತ್ತದೆ. ನಮ್ಮ ಅತ್ತೆಗೆ 6.4 ಬಂದಿತ್ತು, ಟಿ4 ಸರಿಯಿತ್ತು. ಒಬ್ಬ ಡಾಕ್ಟರು ಜೀವನಪೂರ್ತಿ ಮಾತ್ರೆ ಅಂದರು, ಇನ್ನೊಬ್ಬರು ಮೂರು ತಿಂಗಳು ಬಿಟ್ಟು ನೋಡೋಣ ಅಂದರು. ಮೂರು ತಿಂಗಳಿಗೆ 3.9! 65 ದಾಟಿದ ಇಂಥವರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಬಂತು. ಸುಸ್ತಿನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. (ಬಸುರಿಯರ ಲೆಕ್ಕ ಬೇರೆ, ಅವರು ಹೀಗೆ ಕಾಯಬಾರದು.)

ಇನ್ನೊಂದು ತಮಾಷೆ ನೋಡಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುತ್ತೇವೆ. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದು ಎಷ್ಟೋ ಸಲ 10,000. ಹಲವು ಲ್ಯಾಬ್ ಮೆಷಿನ್ನುಗಳು ಬಯೋಟಿನ್ ಬಳಸಿಯೇ ಅಳೆಯುವುದರಿಂದ ಅವು ಮೋಸಹೋಗಿ ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ತೋರಿಸುತ್ತವೆ. ಇಲ್ಲದ ಹೈಪರ್‌ಥೈರಾಯ್ಡ್ ಬಂದುಬಿಡುತ್ತದೆ! ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಕೊನೇಪಕ್ಷ ಎರಡು ದಿನ ಮೊದಲು ನಿಲ್ಲಿಸಬೇಕು. ರಕ್ತ ತೆಗೆಯುವ ಹುಡುಗ ಇದನ್ನು ಕೇಳಿದ್ದು ನಾನಂತೂ ಕಂಡಿಲ್ಲ.

ನನಗೆ ಹೆಚ್ಚು ಹೆದರಿಕೆ ಇರುವುದು ಇದರ ಉಲ್ಟಾ ಕೇಸಿನಲ್ಲಿ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿಗೇ ಪೆಟ್ಟಾದರೆ (ಶೀಹಾನ್ಸ್ ಸಿಂಡ್ರೋಮ್ ಅಂತಾರೆ) ಕೂಗಬೇಕಾದವನೇ ಮಲಗಿದ ಹಾಗೆ. ಟಿ4 ಪಾತಾಳದಲ್ಲಿದ್ದರೂ ಟಿಎಸ್‌ಎಚ್ ನಾರ್ಮಲ್ ಅಂತಲೇ ಬರಬಹುದು. ಎದೆಹಾಲು ಬರಲಿಲ್ಲ, ಮುಟ್ಟು ಮತ್ತೆ ಶುರುವಾಗಲಿಲ್ಲ, ವರ್ಷಗಟ್ಟಲೆ ಸುಸ್ತು, ಚಳಿ. "ರಿಪೋರ್ಟ್ ನಾರ್ಮಲ್ ಇದೆಯಲ್ಲಮ್ಮ, ಎಲ್ಲಾ ಮನಸ್ಸಿಗೆ" ಅಂತ ಇಂಥ ಹೆಂಗಸನ್ನು ವಾಪಸ್ಸು ಕಳಿಸಿದರೆ ಹೇಗೆ? ಅಲ್ಲಿ ಫ್ರೀ ಟಿ4 ನೋಡಲೇಬೇಕು. ಥೈರಾಯ್ಡ್ ಮಾತ್ರೆ ಶುರುಮಾಡುವ ಮೊದಲು ಕಾರ್ಟಿಸಾಲನ್ನೂ ನೋಡಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ. ಹೆರಿಗೆಯಲ್ಲಿ ಏನಾಗಿತ್ತು ಅಂತ ಕೇಳಿದರೆ ತಾನೇ ಇದೆಲ್ಲ ಹೊಳೆಯುವುದು?

ಅಂದಹಾಗೆ, ಇದನ್ನು ಓದಿ ಯಾರೂ ನಾಳೆಯಿಂದಲೇ ಮಾತ್ರೆ ಬಿಡಬೇಡಿ ಮತ್ತೆ! ಶುರುಮಾಡುವ ಮೊದಲಿನ ಹಳೇ ರಿಪೋರ್ಟ್ ಮನೆಯಲ್ಲಿದ್ದರೆ ಹುಡುಕಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತಗೊಂಡು ಹೋಗಿ.