ಹಿಂದೆ ಸರಿಯಲಾರದ ಪದಾತಿ

ಚದುರಂಗವನ್ನು ಹೊಸದಾಗಿ ಕಲಿತ ವಿದ್ಯಾರ್ಥಿಗಳು ಆಡುವುದನ್ನು ನಾವು ಆಗಾಗ ನಿಂತು ನೋಡುವುದುಂಟು. ಆನೆಯನ್ನೋ ಮಂತ್ರಿಯನ್ನೋ ನಡೆಸುವಾಗ ಹತ್ತು ಸಲ ಯೋಚಿಸುವ ಹುಡುಗನು ಪದಾತಿಯನ್ನು ಮಾತ್ರ ಹಿಂದುಮುಂದು ನೋಡದೆ ತಳ್ಳಿಬಿಡುತ್ತಾನೆ. ಅದು ಅಗ್ಗದ ಕಾಯಿ, ಹೋದರೆ ಹೋಗಲಿ ಎಂಬುದು ಅವನ ಲೆಕ್ಕ. ಈ ಲೆಕ್ಕ ತಪ್ಪೆಂದು ನಮ್ಮ ಅಭಿಪ್ರಾಯ.

ತಪ್ಪು ಮನೆಗೆ ಹೋದ ಕುದುರೆ ಮರಳಿ ಬರಬಲ್ಲದು. ಪದಾತಿಗೆ ಹಿಂದಿನ ದಾರಿಯೇ ಇಲ್ಲ. ಬಿಸಿನೀರಿಗೆ ಬೆರೆತ ತಣ್ಣೀರು ತಾನಾಗಿ ಬೇರ್ಪಡದು ಎಂದು ಭೌತಶಾಸ್ತ್ರದಲ್ಲಿ ಓದುತ್ತೇವಲ್ಲವೆ? ಇದೂ ಅಂತಹದೇ. ಆಟದ ನಿಯಮವೂ ಇದನ್ನು ಬಲ್ಲದು. ಇಬ್ಬರೂ ತಲಾ 50 ನಡೆ ನಡೆಸಿಯೂ ಯಾವ ಕಾಯಿಯೂ ಹೊಡೆಯಲ್ಪಡದಿದ್ದರೆ, ಯಾವ ಪದಾತಿಯೂ ಕದಲದಿದ್ದರೆ, ಆಟಗಾರನು ಡ್ರಾ ಕೇಳಬಹುದು. ಒಂದು ಪದಾತಿ ಒಂದೇ ಮನೆ ಸರಿದರೂ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ರಾಜನ ಪಕ್ಕದ ಒಂಟೆಯ ಮುಂದಿರುವ ಪದಾತಿಯ ನಡೆ. ಆರಂಭದಲ್ಲಿ ಅದಕ್ಕೆ ರಾಜನೊಬ್ಬನೇ ಕಾವಲು. ಅದು ಕದಲಿದೊಡನೆ ರಾಜನವರೆಗೆ ಒಂದು ಓರೆದಾರಿ ತೆರೆಯುತ್ತದೆ. ಬಿಳಿಯವನು ಅದನ್ನು ಒಂದು ಮನೆಯೂ ಅದರ ಪಕ್ಕದ ಕುದುರೆಯ ಪದಾತಿಯನ್ನು ಎರಡು ಮನೆಯೂ ನಡೆಸಿದನೆನ್ನೋಣ. ಕರಿಯವನು ನಡುವೆ ರಾಜನ ಮುಂದಿನ ಪದಾತಿಯನ್ನು ಸರಿಸಿದ್ದರೆ, ಅವನ ಮಂತ್ರಿ ಎರಡನೆಯ ನಡೆಯಲ್ಲೇ ಮಣೆಯ ಅಂಚಿಗೆ ಬಂದು ಚೆಕ್‌ಮೇಟ್ ಕೊಡುತ್ತದೆ.

ಇಷ್ಟು ಎಡವುವವರು ವಿರಳ. ಸದುದ್ದೇಶದಿಂದಲೇ ಮಾಡುವ ತಪ್ಪು ಇನ್ನೊಂದುಂಟು. ಇಬ್ಬರೂ ರಾಜನ ಪದಾತಿಗಳನ್ನು ಎರಡೆರಡು ಮನೆ ನಡೆಸಿದ್ದಾರೆ. ಬಿಳಿಯ ಕುದುರೆ ಹೊರಬಂದು ಕರಿಯ ಪದಾತಿಯನ್ನು ಹೆದರಿಸುತ್ತದೆ. ಕರಿಯವನು ಒಂಟೆಯ ಪದಾತಿಯನ್ನು ಒಂದು ಮನೆ ಸರಿಸಿ ಆಸರೆ ಕೊಡುತ್ತಾನೆ. ನೋಟಕ್ಕೆ ಎಷ್ಟು ವಿವೇಕದ ನಡೆ! ಆದರೂ ಕುದುರೆ ಆ ಪದಾತಿಯನ್ನು ಹೊಡೆಯುತ್ತದೆ. ಕರಿಯವನು ಕುದುರೆಯನ್ನು ಹೊಡೆದರೆ, ಬಿಳಿಯ ಮಂತ್ರಿ ಅಂಚಿಗೆ ಬಂದು ಚೆಕ್ ಕೊಡುತ್ತದೆ. ಕುದುರೆಯ ಪದಾತಿಯನ್ನು ಅಡ್ಡವಿಟ್ಟರೆ, ಮಂತ್ರಿ ನಡುವಿನ ಪದಾತಿಯನ್ನು ಹೊಡೆದು ರಾಜನಿಗೂ ಮೂಲೆಯ ಆನೆಗೂ ಒಮ್ಮೆಗೇ ಗುರಿಯಿಡುತ್ತದೆ. ಆನೆ ಹೋಯಿತು. ಪೋರ್ಚುಗಲ್ಲಿನ ಔಷಧ ವ್ಯಾಪಾರಿ ಡಾಮಿಯಾನೊ 1512ರಲ್ಲಿ ರೋಮಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ನಡೆಯನ್ನು ಖಂಡಿಸಿದನು. ಪಾಪ, ಆ ರಕ್ಷಣೆಗೆ ಅವನ ಹೆಸರೇ ಅಂಟಿಕೊಂಡಿತು! ಮಂತ್ರಿಯ ಪಕ್ಕದ ಕುದುರೆಯನ್ನು ಹೊರತಂದಿದ್ದರೆ ಪದಾತಿಗೆ ಆಸರೆಯೂ ದೊರೆಯುತ್ತಿತ್ತು, ಒಂದು ಕಾಯಿಯೂ ಕೆಲಸಕ್ಕೆ ಬರುತ್ತಿತ್ತು.

1960ರಲ್ಲಿ ಅರ್ಜೆಂಟೀನದ ಮಾರ್ ಡೆಲ್ ಪ್ಲಾಟದಲ್ಲಿ ಸ್ಪಾಸ್ಕಿ ಇದೇ ಪದಾತಿಯನ್ನು ಎರಡನೆಯ ನಡೆಯಲ್ಲೇ ಎರಡು ಮನೆ ಮುಂದೂಡಿ ಫಿಷರನನ್ನು ಸೋಲಿಸಲಿಲ್ಲವೆ ಎಂದು ಕೇಳುವ ತರುಣರುಂಟು. ಸೋಲಿಸಿದನು, ನಿಜ. ಈ ಆರಂಭ ನಿಲ್ಲದೆಂದು ಮರುವರ್ಷ ಲೇಖನ ಬರೆದ ಫಿಷರನೇ ಮುಂದೆ ಅದನ್ನು ಆಡಿ ಗೆದ್ದುದೂ ಉಂಟು. ಆದರೆ ಆ ನಡೆಗೆ ತೆರಬೇಕಾದ ಬೆಲೆಯನ್ನು ಅವರಿಬ್ಬರೂ ಬಲ್ಲವರಾಗಿದ್ದರು. ಆದುದರಿಂದಲೇ, ಆ ಪದಾತಿಯನ್ನು ಮುಟ್ಟಲೇಬೇಡವೆಂದು ವಿಧಿಸುವ ಗುರುಗಳ ಮಾತನ್ನೂ ನಾವು ಒಪ್ಪೆವು. ಇಷ್ಟು ಹೊತ್ತು ಅದು ಯಾವ ಮನೆಗಳನ್ನು ಕಾಯುತ್ತಿತ್ತು, ಇನ್ನು ಅವನ್ನು ಕಾಯುವವರಾರು ಎಂದು ಶಿಷ್ಯನನ್ನು ಕೇಳಿದರೆ ಸಾಕು.

ಡಾಮಿಯಾನೊನ ಆಟದಲ್ಲಿ ಕರಿಯವನು ಪದಾತಿಯನ್ನು ಅಡ್ಡವಿಡದೆ ರಾಜನನ್ನೇ ಒಂದು ಮನೆ ಮುಂದೆ ಸರಿಸಬಹುದು. ಆಗ ಏನಾಗುವುದೆಂಬುದನ್ನು ನಾವಿಲ್ಲಿ ಬಿಡಿಸಿ ಹೇಳುವುದಿಲ್ಲ. ವಾಚಕರು ಮಣೆ ಹರಡಿ ತಾವೇ ನೋಡಬೇಕು.